ಎರಡು ವಾರಕ್ಕೆಂದು ತಂದ ಪೆಟ್ಟಿಗೆ

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಹಾಲು ಎಂದಿನಂತೆ ಬಂತು, ನಲ್ಲಿಯಲ್ಲಿ ನೀರು ಎಂದಿನಂತೆ ಬಂತು, ನಾನು ಬಚ್ಚಲಿಗೆ ಹೋಗುವಾಗ ಎಂದಿನಂತೆ ಕಾಲಿನ ಕಿರುಬೆರಳನ್ನು ಸ್ಪೀಕರ್ ಪೆಟ್ಟಿಗೆಗೆ ಬಡಿದುಕೊಂಡೆ. ಮೂರು ವರ್ಷದಿಂದ ಅದು ನಡುಮನೆಯಲ್ಲಿ ದಾರಿಗೆ ಅಡ್ಡವಾಗಿ ಕೂತಿದೆ. ನನ್ನ ಗಂಡ ಅದನ್ನು ಎರಡು ವಾರಕ್ಕೆಂದು ಎರವಲು ತಂದಿದ್ದ.

ಬೇಸ್ ಗಿಟಾರ್ ನುಡಿಸುವವಳು ನಾನು. ಅವನಿಗೆ ರಾಗವೂ ಗೊತ್ತಿರಲಿಲ್ಲ, ತಾಳವೂ ಗೊತ್ತಿರಲಿಲ್ಲ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಗಿಟಾರಿನ ದನಿ ಹಿಗ್ಗಿಸುವ ನನ್ನ ಆಂಪ್ ಚಿಕ್ಕದು. ಅದರೊಳಗೇ ಒಂದು ಸ್ಪೀಕರ್ ಇದೆಯಾದರೂ ದೊಡ್ಡ ಹಾಲಿನಲ್ಲಿ ಡ್ರಮ್ಮಿನ ಮುಂದೆ ಅದರ ಆಟ ನಡೆಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಸ್ಪೀಕರ್ ಪೆಟ್ಟಿಗೆ ಜೋಡಿಸಲೇಬೇಕು. ಪ್ರತಿ ಶನಿವಾರ ಸಂಜೆ ಆ ಪೆಟ್ಟಿಗೆಯನ್ನು ಮೂರನೆಯ ಮಹಡಿಯಿಂದ ಐವತ್ನಾಲ್ಕು ಮೆಟ್ಟಿಲು ಇಳಿಸುವುದು, ಮತ್ತೆ ಹತ್ತಿಸುವುದು ಅವನ ಪಾಲಿನ ಸಂಗೀತ. ಭಾರವೇ ಎಂದು ಕೇಳಿದರೆ, ದಿಂಬಿನ ಹಾಗಿದೆ ಎನ್ನುತ್ತಿದ್ದ.

ಹದಿಮೂರು ದಿನದ ಹಿಂದೆ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿದ. ಆ ಬಗ್ಗೆ ಇಷ್ಟು ಸಾಕು.

ಅದೇ ಬೆಳಗ್ಗೆ ನಮ್ಮ ತಂಡದ ಗಿಟಾರಿನವನು ಫೋನ್ ಮಾಡಿದ. ಎಷ್ಟು ದಿನ ಬೇಕಾದರೂ ವಿಶ್ರಾಂತಿ ತಗೊಳ್ಳಿ, ನನ್ನ ಪರಿಚಯದವನೊಬ್ಬ ತಾತ್ಕಾಲಿಕವಾಗಿ ಬೇಸ್ ನುಡಿಸುತ್ತಾನೆ ಎಂದ. ನಮ್ಮ ಕೀಬೋರ್ಡಿನವಳೂ ತಾತ್ಕಾಲಿಕವಾಗಿಯೇ ಬಂದವಳು, ಆರು ವರ್ಷವಾಯಿತು. ಶನಿವಾರ ನಾನೇ ಬರುತ್ತೇನೆ ಎಂದೆ. ಅವನು ಕೇಳಿದ:

“ಪೆಟ್ಟಿಗೆ ಹೇಗೆ ತರ್ತೀರಿ?”

ತಂಡದಲ್ಲಿ ಅವರವರ ಸಾಮಾನು ಅವರವರೇ ಹೊರಬೇಕು. ಗಿಟಾರಿನವನಿಗೆ ಬೆನ್ನು ನೋವು, ಡ್ರಮ್ಮಿನವನಿಗೆ ತನ್ನದೇ ಒಂದು ಸಂಸಾರದಷ್ಟು ಸಾಮಾನು, ಗಾಯಕಿ ತನ್ನ ಗಂಟಲಲ್ಲದೆ ಬೇರೇನನ್ನೂ ಹೊತ್ತವಳಲ್ಲ. ಶನಿವಾರ ನಾನು ಹೋಗದಿದ್ದರೆ ನನ್ನ ಜಾಗ ಹೋದ ಹಾಗೆಯೇ. ಉಳಿದದ್ದು ಅದೊಂದು ಜಾಗ.

ಫೋನ್ ಇಟ್ಟು ಪೆಟ್ಟಿಗೆಗೆ ಕೈ ಹಾಕಿದೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಪೆಟ್ಟಿಗೆ ಅಲ್ಲಾಡಲಿಲ್ಲ.

“ಬೆನ್ನಲ್ಲಿ ಎತ್ತಬೇಡ, ತೊಡೆಯಲ್ಲಿ ಎತ್ತು.”

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಮಗ ಹೋದಂದಿನಿಂದ ಅವರ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ಅದು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ತೂಕದ ಯಂತ್ರದ ಮೇಲೆ ಕೂರಿಸಿದೆವು. ಮೂವತ್ತೊಂದು ಕಿಲೋ.

“ದಿಂಬಂತೆ ದಿಂಬು,” ಎಂದರು ಅತ್ತೆ.

ಮರುದಿನ ಗಿಟಾರನ್ನು ಹೆಗಲಿಗೇರಿಸಿ, ಆಂಪನ್ನು ತಳ್ಳುಗಾಡಿಗೆ ಕಟ್ಟಿಕೊಂಡು ವಾದ್ಯದ ಅಂಗಡಿಗೆ ಹೋದೆವು. ಅಂಗಡಿಯವನು ಕುರ್ಚಿ ಹಾಕಿದ, ಮೂರು ಪೆಟ್ಟಿಗೆ ಸಾಲಾಗಿ ಇಟ್ಟ, ಕಣ್ಣು ಮುಚ್ಚಿ ಕೇಳಿ ಮೇಡಂ ಎಂದ. ಕೇಳುವುದು ಆಮೇಲೆ, ಮೊದಲು ಎತ್ತಲಿ ಎಂದರು ಅತ್ತೆ. ಅಂಗಡಿಯ ಹಿಂದೆ ಗೋಡೌನಿಗೆ ಹೋಗುವ ಮೆಟ್ಟಿಲುಗಳಿದ್ದವು. ಅತ್ತೆ ಎಣಿಸಿಕೊಂಡು ಬಂದರು: ಹದಿನೆಂಟು. ಮೂರು ಸಲ ಹತ್ತಿದರೆ ನಮ್ಮ ಮನೆ.

ಮೊದಲನೆಯದರಲ್ಲಿ ಹತ್ತಿಂಚಿನ ಒಂದೇ ಸ್ಪೀಕರ್, ಒಂಬತ್ತು ಕಿಲೋ. ಸಂತೆಯ ಚೀಲ ಹಿಡಿದಂತೆ ಹತ್ತಿ ಇಳಿದೆ. ಆದರೆ ಕೇಬಲ್ ಸಿಕ್ಕಿಸಿ ಗಿಟಾರಿನ ದಪ್ಪ ತಂತಿಯನ್ನು ಮೀಟಿದಾಗ, ಯಾರೋ ಪಕ್ಕದ ಮನೆಯ ಬಾಗಿಲು ತಟ್ಟಿದ ಹಾಗೆ ಕೇಳಿಸಿತು. ಎರಡನೆಯದರಲ್ಲಿ ಅಂಥವೇ ಎರಡು ಸ್ಪೀಕರ್, ಹದಿನೇಳು ಕಿಲೋ. ಎರಡನೆಯ ಸುತ್ತಿನ ನಡುವೆ ಏದುಸಿರು ಬಂದು ಕೆಳಗಿಟ್ಟೆ.

“ಔಟ್,” ಎಂದರು ಅತ್ತೆ, ಕೆಳಗಿನಿಂದ.

ಮೂರನೆಯದು ಹನ್ನೆರಡಿಂಚಿನದು. ತೆಳು ಪ್ಲೈವುಡ್, ಹಗುರವಾದ ಅಯಸ್ಕಾಂತ, ಎಲ್ಲ ಸೇರಿ ಹನ್ನೆರಡು ಕಿಲೋ. ಮೂರು ಸುತ್ತು ಮುಗಿಸಿಯೂ ಮಾತಾಡುವಷ್ಟು ಉಸಿರಿತ್ತು. ಇದೇ ಇರಲಿ ಎಂದುಕೊಂಡು ಹಿಂದೆ ತಿರುಗಿಸಿದೆ. ನಾಲ್ಕು ಓಮ್ ಎಂದು ಬರೆದಿತ್ತು. ನನ್ನ ಆಂಪಿಗೆ ಎಂಟು ಓಮಿಗಿಂತ ಕಡಿಮೆ ರೋಧದ ಪೆಟ್ಟಿಗೆ ಆಗದು.

ಏನೂ ಆಗಲ್ಲ ಮೇಡಂ, ಎಲ್ಲರೂ ಹಾಕುತ್ತಾರೆ, ಸೌಂಡು ಇನ್ನೂ ಜಾಸ್ತಿಯೇ ಬರುತ್ತದೆ ಎಂದ ಅಂಗಡಿಯವನು.

ಏನಾಗುತ್ತದೆಂದು ನನಗೆ ಗೊತ್ತು. ಮದುವೆಯಾದ ಹೊಸತರಲ್ಲಿ, ಬೇರೊಬ್ಬ ಅಂಗಡಿಯವರು ಇಂಥದ್ದೇ ಮಾತು ಹೇಳಿದರೆಂದು, ಎಂಟು ಓಮಿನ ಆಂಪಿಗೆ ನಾಲ್ಕರ ಪೆಟ್ಟಿಗೆ ಜೋಡಿಸಿ, ಕಾರ್ಯಕ್ರಮದ ಮಧ್ಯೆ ಹೊಗೆ ಎಬ್ಬಿಸಿದ್ದೆ. ಭೌತಶಾಸ್ತ್ರ ಓದಿದವಳು. ನನ್ನ ಗಂಡ ವರ್ಷವಿಡೀ ಆಡಿಕೊಂಡು ನಕ್ಕ. ರಿಪೇರಿಯಾಗಿ ಬಂದ ಆಂಪಿನ ಬೆನ್ನಿಗೆ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ. ಅತ್ತೆ ಈಗ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ತರಗತಿಗೆ ಓದುವ ದನಿಯಲ್ಲಿ ಅದನ್ನು ಓದಿದರು:

“ಎಂಟು ಮಾತ್ರ. ಅಂಗಡಿಯವರು ಏನೇ ಹೇಳಲಿ.”

ಅಂಗಡಿಯವನು ಗೋಡೌನಿಗೆ ಹೋಗಿ ಅದೇ ಕಂಪನಿಯ ಎಂಟು ಓಮಿನದು ತಂದ. ಅದು ಗಿಳಿಹಸಿರು ಬಣ್ಣದ್ದು, ಯಾರೂ ಒಯ್ದಿರಲಿಲ್ಲ. ಅತ್ತೆ ಅದನ್ನೂ ನನ್ನಿಂದ ಮೂರು ಸಲ ಹತ್ತಿಸಿದರು. ಆಮೇಲೆ ಆಂಪಿಗೆ ಜೋಡಿಸಿ ದಪ್ಪ ತಂತಿಯನ್ನು ಮೀಟಿದೆ. ಸ್ವರ ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಎಷ್ಟೋ ದಿನಗಳ ಮೇಲೆ ಮೈಗೆ ಏನೋ ತಾಗಿದ ಹಾಗಾಯಿತು.

ಶನಿವಾರ ಹಸಿರು ಪೆಟ್ಟಿಗೆಯನ್ನು ಒಬ್ಬಳೇ ಇಳಿಸಿದೆ, ಬಾಡಿಗೆ ಗಾಡಿಗೆ ಹಾಕಿದೆ, ವೇದಿಕೆಗೆ ಹತ್ತಿಸಿದೆ. ಗಿಟಾರಿನವನು ನೋಡಿ, ಬಣ್ಣದ ಬಗ್ಗೆ ಒಂದು ಮಾತು ಹೇಳಿ, ಶ್ರುತಿ ಮಾಡತೊಡಗಿದ. ತಾತ್ಕಾಲಿಕದವನ ಮಾತು ಎತ್ತಲಿಲ್ಲ.

ಭಾನುವಾರ ಹಳೆಯ ಪೆಟ್ಟಿಗೆಯನ್ನು ಹಿಂತಿರುಗಿಸಲು ಹೊರಟೆವು. ಅತ್ತೆ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಪ್ರತಿ ತಿರುವಿನಲ್ಲೂ ಅದರ ಮೇಲೇ ಕೂತು ಸುಧಾರಿಸಿಕೊಂಡು ಇಳಿದೆವು. ಅದು ಎಲ್ಲರೂ ‘ಗುಡುಗು’ ಎಂದು ಕರೆಯುವ ಮುದುಕರದ್ದು. ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಹಾಕುತ್ತಿದ್ದವರು, ಈಗ ನಿವೃತ್ತರು. ಎರಡು ಬೀದಿಯಾಚೆ ಮನೆ, ತಳ್ಳುಗಾಡಿಯಲ್ಲಿ ಒಯ್ದೆವು. ನಮ್ಮನ್ನೂ ಪೆಟ್ಟಿಗೆಯನ್ನೂ ನೋಡಿ ಕೇಳಿದರು:

“ಎರಡು ವಾರ ಆಯ್ತಾ?”

ಆಮೇಲೆ ಅವನು ಹೋದದ್ದು ನೆನಪಾಗಿ ಮುಖ ತಗ್ಗಿಸಿದರು. ಪರವಾಗಿಲ್ಲ, ತಡವಾದದ್ದು ನಿಜವೇ ಎಂದೆ. ಅವರು ಒಳಗಿನ ಕಪಾಟಿನ ಕಡೆ ಕೈ ತೋರಿಸಿದರು. ಅಲ್ಲಿ ಸಣ್ಣದೊಂದು ಸ್ಪೀಕರ್ ಪೆಟ್ಟಿಗೆ ಇತ್ತು.

“ಅವತ್ತು ಅದನ್ನೇ ತಗೊಂಡು ಹೋಗಪ್ಪ ಅಂದೆ. ಹನ್ನೊಂದು ಕಿಲೋ, ಸೌಂಡೂ ಚೆನ್ನಾಗಿದೆ. ಎತ್ತಿ ನೋಡಿ ಬೇಡ ಅಂದ.”

“ಯಾಕಂತೆ?” ಎಂದೆ.

“ಇದಾದ್ರೆ ಅವಳೇ ಹೊತ್ಕೊಂಡು ಹೋಗ್ಬಿಡ್ತಾಳೆ, ಶನಿವಾರ ನಂಗೇನು ಕೆಲಸ ಅಂದ.”

ಅತ್ತೆ ಸೆರಗಿನಿಂದ ನಾವು ತಂದ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದರು. ಅದರ ಮೇಲೆ ಧೂಳಿರಲಿಲ್ಲ.

“ಕಳ್ಳ,” ಎಂದರು.

ಗುಡುಗು ಕೈ ಹಾಕಲು ಬಂದರು. ಅತ್ತೆ ಅವರನ್ನು ದೂರ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಬೆನ್ನು ನೆಟ್ಟಗಿಟ್ಟು ಮಂಡಿ ಬಗ್ಗಿಸಿದೆ. ಇಬ್ಬರೂ ಒಂದೇ ಸಲ ಎತ್ತಿ, ಹೊಸ್ತಿಲು ದಾಟಿಸಿ, ದಾರಿಗೆ ಅಡ್ಡವಾಗದ ಹಾಗೆ ಗೋಡೆಗೆ ಒತ್ತಿ ಇಟ್ಟೆವು.