ಕಣ್ಣಿನೊಳಗಿನ ಗೊಂಬೆ

"ಹೋದ ಸಲ ಬಂದೋರು ಸೋಡಾಬುಡ್ಡಿ ಅಂದು, ಕೇಸರಿಬಾತ್ ತಿಂದು ಎದ್ದು ಹೋದ್ರು. ಈ ಸಲ ಹಂಗಾಗಬಾರ್ದು," ಅಂತ ಗಿರಿಜಾದೇವಿ ಮಗಳು ಐಶ್ವರ್ಯಳ ಕನ್ನಡಕ ಕಿತ್ತು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಮದ್ವೆ ಆಗೋವರ್ಗೂ ಇದ್ರ ಸುದ್ದಿ ಎತ್ತಬೇಡ ಕಣೇ."

ಆದಮೇಲೆ? ಜನ್ಮಪೂರ್ತಿ ಬಚ್ಚಿಡೋದು, ಇನ್ನೇನು! ಬಸವೇಶ್ವರನಗರದ ಕಣ್ಣಿನ ಕ್ಲಿನಿಕ್ಕಿನಲ್ಲಿ ದಿನಾ ನಲವತ್ತು ಜನಕ್ಕೆ ಕನ್ನಡಕ ಹಾಕ್ಕೊಳ್ಳಿ ಅಂತ ಬುದ್ಧಿ ಹೇಳೋ ಹುಡುಗಿಗೆ ತನ್ನ ಮನೇಲೇ ಈ ಗತಿ. ೨೦೦೬ನೇ ಇಸವಿ ಅದು, ಯಾವ ಓಬೀರಾಯನ ಕಾಲವೂ ಅಲ್ಲ.

ಕಾಫಿ ತಟ್ಟೆ ಹಿಡಿದು ಹಾಲ್‌ಗೆ ಬಂದರೆ ಸೋಫಾ ಮೇಲೆ ಮೂರು ಮಸುಕು. ಬಿಳಿ ಅಂಗಿಯದು ಹುಡುಗ ಚನ್ನವೀರೇಶ್, ಹಸಿರು ಸೀರೆಯದು ಅವನ ತಾಯಿ, ಇನ್ನೊಂದು ದೊಡ್ಡಪ್ಪ. ಯಾರ ಲೋಟ ಯಾರ ಕೈಗೆ ಹೋಯ್ತೋ ಶಿವನೇ ಬಲ್ಲ. ಓಡಿಹೋಗೋಣ ಅಂದ್ರೆ ಬಾಗಿಲೂ ನೆಟ್ಟಗೆ ಕಾಣಲ್ಲ.

ದೊಡ್ಡಪ್ಪ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು, ಹುಟ್ಟುಗುಣ ಬಿಟ್ಟೀತೇ? "ಕಣ್ಣಿನ ಪ್ಯೂಪಿಲ್‌ಗೆ ಆ ಹೆಸರು ಹೇಗೆ ಬಂತು ಹೇಳಮ್ಮ?"

ಐಶ್ವರ್ಯಗೆ ಜೀವ ಬಂತು. "ಲ್ಯಾಟಿನ್ನಿನ ಪೂಪಿಲ್ಲಾದಿಂದ ಸಾರ್. ಪುಟ್ಟ ಗೊಂಬೆ ಅಂತ. ಇನ್ನೊಬ್ಬರ ಕಣ್ಣನ್ನ ತೀರಾ ಹತ್ತಿರದಿಂದ ನೋಡಿದ್ರೆ ಒಳಗೆ ನಮ್ದೇ ಚಿಕ್ಕ ರೂಪ ಕಾಣುತ್ತಲ್ಲ, ಅದೇ ಗೊಂಬೆ. ನಮ್ಮಲ್ಲೂ ಕಣ್ಣಪಾಪೆ ಅಂತೀವಲ್ಲ, ಪಾಪೆ ಅಂದ್ರೂ ಗೊಂಬೆನೇ."

"ಭೇಷ್! ಏನೋ ವೀರೇಶ, ಇವಳ ಕಣ್ಣಲ್ಲಿ ನಿನ್ನ ಗೊಂಬೆ ಕಾಣುತ್ತೇನೋ?"

"ಕಾಣುತ್ತೆ," ಅಂದ ಹುಡುಗ, ಆರಡಿ ದೂರದಿಂದ.

ಎಲ್ಲರೂ ನಕ್ಕರು. "ಹಂಗಾದ್ರೆ ಮುಂದಿನ ಮಾತಾಡೋಣ," ಅಂತ ತಂದೆ ಏಕಾಂತಯ್ಯನವರು ಪಂಚಾಂಗಕ್ಕೆ ಕೈ ಹಾಕಿದರು.

ಐಶ್ವರ್ಯ ಈಗ ಬಾಯಿ ಬಿಡದಿದ್ದರೆ ಮುಗೀತು ಕತೆ. ನೇರ ಅಮ್ಮನ ಸೊಂಟಕ್ಕೆ ಕೈ ಹಾಕಿ ಕನ್ನಡಕ ಎಳೆದು ಮೂಗಿಗೇರಿಸಿದಳು. "ನಂಗೆ ಮೈನಸ್ ಆರು. ಇದಿಲ್ದೆ ನಿಮ್ಮ ಮುಖಾನೇ ಕಾಣಲ್ಲ."

"ಅಯ್ಯೋ ಮಾನ ಕಳೆದ್ಯಲ್ಲೇ!" ಅಂದರು ಗಿರಿಜಾದೇವಿ.

ಹುಡುಗನ ಮುಖ ಈಗ ಸ್ಪಷ್ಟವಾಗಿ ಕಂಡಿತು. ಒಳ್ಳೇ ಮುಖವೇ. ಮೂಗಿನ ಎರಡೂ ಪಕ್ಕ ಕೆಂಪಗೆ ಒತ್ತಿದ ಗುರುತು, ಈಗಷ್ಟೇ ಕನ್ನಡಕ ತೆಗೆದದ್ದು. ದಿನಾ ನೋಡೋ ಗುರುತು ಅವಳಿಗೆ ಗೊತ್ತಾಗದೇ ಇರುತ್ತಾ?

"ನಿಮ್ದೆಷ್ಟು ಪವರ್?" ಮೆಲ್ಲಗೆ ಕೇಳಿದಳು. ನಿಜ ಹೇಳಿಬಿಡಲಿ ಅಂತ ಮನಸ್ಸು ಬೇಡಿಕೊಳ್ತಿತ್ತು.

ಹುಡುಗನ ಕೈ ಜೇಬಿನ ತನಕ ಹೋಯಿತು. ತಾಯಿ ಕೆಮ್ಮಿದರು. ಕೈ ವಾಪಸ್ ತೊಡೆ ಮೇಲೆ ಬಂತು.

"ನಂಗೇನೂ ಇಲ್ಲ," ಅಂದ.

ಪಾಪ ಅನಿಸಿತು ಅವಳಿಗೆ. ಆದರೂ ಅಪ್ಪನ ಕೈಯಿಂದ ಪಂಚಾಂಗ ತಗೊಂಡು ಮುಚ್ಚಿದಳು.

"ಬೇಡ ಅಪ್ಪಾಜಿ. ನಂದೊಂದು ಬಚ್ಚಿಟ್ಟೇ ಸಾಕಾಗಿದೆ. ಎರಡೆರಡು ನನ್ ಕೈಲಾಗಲ್ಲ."