ಓಡದ ಪಂಪಿನ ಸದ್ದು

ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಅವನ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಬೇರೆಲ್ಲ ಕಡೆ ಅವನು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದನೆಂದರೆ, ಯಾವ ಬೇರಿಂಗು ಸವೆದಿದೆ, ಯಾವ ವಾಲ್ವು ಸಡಿಲಾಗಿದೆ ಎಂದು ಬಿಚ್ಚುವ ಮೊದಲೇ ಹೇಳಿಬಿಡುತ್ತಿದ್ದ. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ. ಆದರೆ ತಾನು ಕಣ್ಣು ಮುಚ್ಚಿದರೆ ಗಿರಾಕಿಗಳು ಬಾಯಿ ಮುಚ್ಚುತ್ತಾರೆ ಎಂಬುದನ್ನು ಅವನು ಹರೆಯದಲ್ಲೇ ಕಂಡುಕೊಂಡಿದ್ದ.

ಒಂದು ವರ್ಷದಿಂದೀಚೆಗೆ ಆ ಕಿವಿ ಕೈಕೊಟ್ಟಿತ್ತು. ಒಂದೇ ಏಟಿಗೆ ಹೋಗಿದ್ದರೆ ಊರಿಗೇ ಗೊತ್ತಾಗುತ್ತಿತ್ತು. ಅದು ಬಾಡಿಗೆ ಬಾಕಿ ಇಟ್ಟವರು ಮನೆ ಖಾಲಿ ಮಾಡುವ ಹಾಗೆ ಸದ್ದಿಲ್ಲದೆ ಒಂದೊಂದೇ ಸಾಮಾನು ಸಾಗಿಸಿತು. ಮೊದಲು ಫೋನಿನ ಗಂಟೆ, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಫ್ಯಾನ್ ಬೆಲ್ಟಿನ ಕಿರುಗುಟ್ಟು. ಟಿವಿಯಲ್ಲಿ ಈಗಿನವರು ಬಾಯೊಳಗೇ ಮಾತಾಡುತ್ತಾರೆ ಎಂದು ಮೇಸ್ತ್ರಿ ಮನೆಯಲ್ಲಿ ದೂರಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಜ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಗ್ಯಾರೇಜಿನ ಬಾಗಿಲ ಬಳಿ ಒಂದು ಕುರ್ಚಿ ಹಾಕಿ, ಇನ್ನು ಮೇಲೆ ನೀವು ಆರಾಮಾಗಿ ಕೂತಿರಿ ಎನ್ನುತ್ತಾರೆ. ಮೇಸ್ತ್ರಿಗೆ ಸಾವಿನ ಭಯ ಅಷ್ಟಿರಲಿಲ್ಲ, ಆ ಕುರ್ಚಿಯ ಭಯವಿತ್ತು.

ಗ್ಯಾರೇಜಿನಲ್ಲಿ ಅವನ ಜೊತೆಗಿದ್ದವಳು ಸೊಸೆ. ಮಗ ಬಸ್ಸು ಓಡಿಸುತ್ತಿದ್ದ. ಸ್ಪ್ಯಾನರ್ ಒಲಿದದ್ದು ಸೊಸೆಯ ಕೈಗೆ. ಕೆಲಸದಲ್ಲಿ ಚುರುಕು, ಮಾತು ಕಮ್ಮಿ. ಆದರೆ ಇತ್ತೀಚೆಗೆ ಅವಳಿಗೊಂದು ಚಟ ಅಂಟಿಕೊಂಡಿತ್ತು. ಗಿರಾಕಿ ಹೇಳಿದ್ದನ್ನೆಲ್ಲ ಮಾವನ ಕಡೆ ತಿರುಗಿ, ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಿದ್ದಳು. ಒಂದು ಸಲಕ್ಕೆ ತಲೆಗೆ ಹೋಗುವುದಿಲ್ಲವೇನೋ ಪಾಪ, ಎಂದುಕೊಂಡು ಮೇಸ್ತ್ರಿ ಸಹಿಸಿಕೊಂಡಿದ್ದ.

ಆ ಬೆಳಿಗ್ಗೆ ಹಲ್ಲಿನ ಡಾಕ್ಟರು ತಮ್ಮ ಹಳದಿ ಸ್ಪೋರ್ಟ್ಸ್ ಕಾರನ್ನು ವಾಪಸು ಕೊಂಡೊಯ್ಯಲು ಬಂದರು. ಹಿಂದಿನ ದಿನ ಸರ್ವಿಸಿಗೆ ಬಿಟ್ಟು ಹೋಗಿದ್ದರು. ಎರಡೇ ಸೀಟು, ಹಿಂಭಾಗದಲ್ಲಿ ಇಂಜಿನ್ನು, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ತಗ್ಗು. ಕ್ಲಿನಿಕ್ಕಿನಿಂದ ನೇರವಾಗಿ ಬಂದಿದ್ದರಿಂದ ಡಾಕ್ಟರ ಮುಖದ ಮೇಲೆ ಮಾಸ್ಕು ಹಾಗೇ ಇತ್ತು. ತುಟಿ ಕಾಣದ ಮನುಷ್ಯ ಮೇಸ್ತ್ರಿಯ ಪಾಲಿಗೆ ಬರೀ ಗೋಡೆ. ಮಾಸ್ಕು ಒಂದಷ್ಟು ಹೊತ್ತು ಉಬ್ಬಿತು, ತಗ್ಗಿತು. ಮೇಸ್ತ್ರಿ ತಲೆ ಆಡಿಸಿದ.

"ಸಂಜೆ ಅವರಮ್ಮನ್ನ ಕೂರಿಸ್ಕೊಂಡು ಬೆಟ್ಟದ ದಾರೀಲಿ ಹೋಗ್ಬೇಕಂತೆ ಮಾವ," ಎಂದಳು ಸೊಸೆ. "ಮೊನ್ನೆ ಎರಡು ಸಲ ಓಡ್ತಾ ಓಡ್ತಾನೇ ಗೇರ್ ಬಿಟ್ಟುಹೋಯ್ತಂತೆ. ಇಳಿಜಾರಲ್ಲಿ ಹಾಗಾದ್ರೆ ಏನ್ ಗತಿ ಅಂತ ಕೇಳ್ತಿದ್ದಾರೆ."

"ಕೇಳಿಸ್ತು ಬಿಡಮ್ಮ," ಎಂದ ಮೇಸ್ತ್ರಿ.

ಇಂಜಿನ್ ಆಯಿಲ್, ಫಿಲ್ಟರು, ಬ್ರೇಕು ಎಲ್ಲ ಹಿಂದಿನ ದಿನವೇ ಮುಗಿದಿತ್ತು. ಉಳಿದದ್ದು ಗೇರಿನ ಎಣ್ಣೆ. ಆ ಕಾರಿಗೆ ಕ್ಲಚ್ ಪೆಡಲೇ ಇಲ್ಲ. ಕ್ಲಚ್ಚು ಒತ್ತುವುದೂ ಗೇರು ಬದಲಿಸುವುದೂ ಎಣ್ಣೆಯ ಒತ್ತಡವೇ. ಚಾಲಕನ ಬಾಗಿಲು ತೆಗೆದೊಡನೆ ಪುಟ್ಟ ಪಂಪೊಂದು ಗುಂಯ್‌ಗುಟ್ಟುತ್ತದೆ. ಒತ್ತಡ ತುಂಬಿದ ಮೇಲೆ ತಾನಾಗಿ ನಿಲ್ಲುತ್ತದೆ. ಅದು ಓಡುವಾಗ, ಮೇಲೊಂದು ಕೆಳಗೊಂದು ಗೆರೆ ಇರುವ ಪಾರದರ್ಶಕ ಡಬ್ಬಿಯೊಳಗಿನ ಎಣ್ಣೆ ಇಳಿಯುತ್ತದೆ, ನಿಂತ ಮೇಲೆ ಮಟ್ಟ ನೋಡಬೇಕು. ಪಂಪು ಓಡದೆ ನೋಡಿದರೆ ಇಲ್ಲದ ಎಣ್ಣೆಯೂ ಇದ್ದಂತೆ ಕಾಣುತ್ತದೆ. ಪಂಪು ಇರುವುದು ಗೇರ್‌ಬಾಕ್ಸಿನ ಸಂದಿಯಲ್ಲಿ. ಕೈ ಹೋಗುವುದಿಲ್ಲ, ಸ್ಕ್ರೂಡ್ರೈವರ್ ತಾಗುವುದಿಲ್ಲ. ಬಗ್ಗಿ ಕಿವಿಗೊಟ್ಟು ತಿಳಿಯುವುದೇ ವಾಡಿಕೆ.

"ನಾನೇ ನೋಡ್ತೀನಿ, ನೀನು ಬಾಗಿಲು ತೆಗಿ," ಎಂದ ಮೇಸ್ತ್ರಿ.

ಇಂಜಿನ್ನಿನ ಮುಚ್ಚಳದಡಿ ಬಗ್ಗಿ, ಡಬ್ಬಿಯ ಪಕ್ಕಕ್ಕೆ ಕಿವಿ ತಂದು, ಕಣ್ಣು ಮುಚ್ಚಿದ. ಸೊಸೆ ಬಾಗಿಲು ತೆಗೆದದ್ದು ಕಾರು ಅಲುಗಿದ್ದರಿಂದ ಗೊತ್ತಾಯಿತು. ಪಂಪು ಎಷ್ಟು ಹೊತ್ತು ಓಡುತ್ತದೆ ಎಂಬ ಅಂದಾಜು ಅವನಿಗಿತ್ತು, ಒಂದು ಆಕಳಿಕೆಯಷ್ಟು. ಅಷ್ಟು ಹೊತ್ತು ಬಿಟ್ಟು ಕಣ್ಣು ತೆರೆದ. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು.

"ಪಂಪು ಬೆಣ್ಣೆ ಥರ ಓಡ್ತಿದೆ," ಎಂದ. "ಎಣ್ಣೆನೂ ಸರಿಯಾಗಿದೆ. ಡಾಕ್ಟ್ರಿಗೆ ಕೀಲಿ ಕೊಡಮ್ಮ."

ಸೊಸೆ ಕೀಲಿ ಕೊಡಲಿಲ್ಲ.

"ಇನ್ನೊಂದ್ಸಲ ಬಾಗಿಲು ತೆಗೀತೀನಿ ಮಾವ."

"ಯಾಕೆ, ಕೇಳಾಯ್ತಲ್ಲ."

"ಕೇಳೋದ್ ಬೇಡ. ನೋಡಿ."

ಅವಳು ಅವನಿಗೆ ಹೀಗೆ ಎದುರಾಡಿದವಳಲ್ಲ. ಮೇಸ್ತ್ರಿ ಈ ಸಲ ಕಣ್ಣು ಮುಚ್ಚಲಿಲ್ಲ. ಕಾರು ಅಲುಗಿತು. ಡಬ್ಬಿಯ ಎಣ್ಣೆ ಇದ್ದಲ್ಲೇ ಇತ್ತು. ಅವಳು ಬಾಗಿಲು ಹಾಕಿ ಮತ್ತೆ ತೆಗೆದಳು. ಎಣ್ಣೆ ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಸತ್ತ ಪಂಪಿಗೆ ಮೇಸ್ತ್ರಿ ಬೆಣ್ಣೆ ಹಚ್ಚಿದ್ದ, ಅದೂ ಒಬ್ಬರ ತಾಯಿ ಬೆಟ್ಟ ಇಳಿಯಬೇಕಾದ ಕಾರಿನಲ್ಲಿ.

ಸೊಸೆ ಆಗಲೇ ಫ್ಯೂಸಿನ ಪೆಟ್ಟಿಗೆ ತೆರೆದು ಪಂಪಿಗೆ ಕರೆಂಟು ಹಾಯಿಸುವ ರಿಲೇ ಕಿತ್ತು ತಂದಿದ್ದಳು. ಅದರ ಒಂದು ಕಾಲು ಸುಟ್ಟು ಕಪ್ಪಾಗಿತ್ತು.

"ಇದೇ ನೋಡಿ ಮಾವ. ಒಂದೊಂದ್ಸಲ ಓಡುತ್ತೆ, ಒಂದೊಂದ್ಸಲ ಓಡಲ್ಲ. ಮೊದಲ್ನೇ ಸಲ ಓಡಿತ್ತು, ಆಮೇಲೆ ನಿಂತುಹೋಗಿದೆ."

ಡಾಕ್ಟರು ಒಪ್ಪಿ ತಲೆದೂಗಿದರು. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗದ ಹಾಗೆ ಸೊಸೆ ಕೆಳಗೆ ಚಾಪೆ ಹಾಸಿದ್ದಳು. ಮೇಸ್ತ್ರಿ ಹೂಂ ಅಂದರೆ ಸಾಕಿತ್ತು. ವರ್ಷವಿಡೀ ಅವನು ಬದುಕಿದ್ದೇ ಆ ಹೂಂ ಮೇಲೆ.

ಆದರೆ ಅವಳು ಇದನ್ನೂ ಅವನ ಕಡೆ ತಿರುಗಿ, ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದ್ದಳು. ಆ ಚಟ ಯಾರಿಗಾಗಿ ಎಂಬುದು ಮೇಸ್ತ್ರಿಗೆ ಆಗ ಹೊಳೆಯಿತು.

"ನಿಂಗೆ ಯಾವಾಗಿಂದ ಗೊತ್ತು?" ಎಂದ.

ಸೊಸೆ ರಿಲೇಯನ್ನು ಕೈಯಲ್ಲಿ ಆಡಿಸಿದಳು. "ಕುಕ್ಕರ್ ತಳ ಹಿಡೀತಲ್ಲ, ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ. ಅವತ್ತಿಂದ."

"ಮತ್ತೆ ನಾನು ಕೇಳಿ ಪಾಸ್ ಮಾಡಿದ ಗಾಡಿಗಳು?"

"ಎಲ್ಲಾನೂ ಇನ್ನೊಂದ್ಸಲ ನೋಡೇ ಕಳಿಸಿದೀನಿ ಮಾವ. ಯಾವುದಕ್ಕೂ ಏನೂ ಆಗಿಲ್ಲ."

ಮೇಸ್ತ್ರಿಗೆ ಮೊದಲು ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ನಾಚಿಕೆಯಾಯಿತು. ಒಂದು ವರ್ಷ ಅವಳು ಇಬ್ಬರ ಕೆಲಸ ಮಾಡಿದ್ದಳು, ಆ ಇನ್ನೊಬ್ಬ ತಾನು. ಮಗಳಿದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎನ್ನಿಸಿತು.

ಅವನು ಡಾಕ್ಟರ ಕಡೆ ತಿರುಗಿದ. "ಡಾಕ್ಟ್ರೇ, ಮೊದಲ್ನೇ ಸಲನೂ ಪಂಪು ಓಡಿರಲಿಲ್ಲ. ನಂಗೆ ಕಿವಿ ಸರಿಯಾಗಿ ಕೇಳಿಸಲ್ಲ. ಕೇಳಿಸ್ತು ಅಂತ ಸುಳ್ಳು ಹೇಳ್ದೆ."

ಡಾಕ್ಟರು ಮಾಸ್ಕು ಕೆಳಗೆಳೆದರು. "ಪರವಾಗಿಲ್ಲ ಮೇಸ್ತ್ರಿ," ಎಂದು ಪಕ್ಕದ ಪಂಚರ್ ಅಂಗಡಿಯವನು ಹೊರಗೆ ಬಂದು ನೋಡುವಷ್ಟು ಜೋರಾಗಿ ಕೂಗಿದರು.

ಸೊಸೆ ಹೊಸ ರಿಲೇ ಕೂರಿಸಿದಳು. ಮೇಸ್ತ್ರಿ ಬಟ್ಟೆಗೆ ಕೈ ಒರೆಸಿಕೊಂಡು ಹೊರಗೆ ಹೊರಟಿದ್ದ.

"ಎಲ್ಲಿಗೆ ಮಾವ? ಮಟ್ಟ ಯಾರು ನೋಡೋದು?"

"ನೀನೇ ನೋಡು. ಇನ್ನು ನಂದೇನಿದೆ ಇಲ್ಲಿ."

"ಕಣ್ಣು ಚೆನ್ನಾಗೇ ಇದೆಯಲ್ಲ, ಅದನ್ನ ಮುಚ್ಕೋಬೇಡಿ ಅಷ್ಟೇ. ಪಂಪು ಓಡೋವಷ್ಟು ಹೊತ್ತೂ ಹೆಗಲ ಮೇಲೆ ಕೈ ಇಟ್ಟಿರ್ತೀನಿ, ನಿಂತಾಗ ತೆಗೀತೀನಿ. ಬಗ್ಗಿ."

ಮೇಸ್ತ್ರಿ ಬಗ್ಗಿದ. ಜೀವಮಾನವಿಡೀ ಬೇರೆಯವರಿಗೆ ಬಾಯಿ ತೆಗೀರಿ ಎಂದ ಡಾಕ್ಟರು, ಸೊಸೆ ತೆಗೀರಿ ಎಂದಾಗ ಬಾಗಿಲು ತೆಗೆದರು.

ಮದುವೆಯಾಗಿ ಬಂದಾಗಿನಿಂದ ಅವಳ ಕೈ ಒಮ್ಮೆಯೂ ಮಾವನಿಗೆ ತಾಗಿರಲಿಲ್ಲ. ಈಗ ಗ್ರೀಸು ಮೆತ್ತಿದ ಆ ಕೈ ಅವನ ಹೆಗಲ ಮೇಲೆ ಬಂದು ಕೂತಿತು. ಡಬ್ಬಿಯ ಎಣ್ಣೆ ಇಳಿಯತೊಡಗಿತು. ಮೇಲಿನ ಗೆರೆ ಬಿಟ್ಟಿತು, ಕೆಳಗಿನ ಗೆರೆಯನ್ನೂ ದಾಟಿತು. ಕೈ ಇನ್ನೂ ಅಲ್ಲೇ ಇತ್ತು. ಮೇಸ್ತ್ರಿ ಕಣ್ಣು ಮಿಟುಕಿಸದೆ ನೋಡಿದ. ಎಣ್ಣೆ ನಿಂತಿತು, ಹೆಗಲು ಹಗುರಾಯಿತು.

"ಅರ್ಧ ಲೋಟ ಕಮ್ಮಿ ಇದೆ," ಎಂದು ಹಿಂದಕ್ಕೆ ತಿರುಗದೆಯೇ ಕೈ ಚಾಚಿದ. ಎಣ್ಣೆಯ ಕ್ಯಾನು ಕೈಗೆ ಬಂತು.