ಹಳದಿ ವೃತ್ತದ ಮೇಲೆ ಕೈ

ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಎರಡು ಹಳದಿ ವೃತ್ತಗಳಿದ್ದವು. ತಾಯಿಗೆ ಮಾತ್ರ ಕಾಣುವಂತೆ ಒಂದು ಚಿತ್ರ. ಅದರಲ್ಲಿರುವ ಮನೆಯನ್ನು ಮಗು ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಬೇಕು. ತಾಯಿ ವೃತ್ತಗಳ ಮೇಲೆ ಅಂಗೈ ಊರಿ, ಬರೀ ಬಾಯಲ್ಲಿ ಹೇಳಿಕೊಡಬೇಕು. ಬೆರಳು ಎತ್ತಿದರೆ ಆಟ ರದ್ದು. ಕೈ ನಡುವೆ ಬಂದರೆ ಮಾತಿನ ಲೆಕ್ಕ ಕೆಡುತ್ತದಂತೆ! 'ಒಳಗೆ', 'ಪಕ್ಕ', 'ನಡುವೆ' ಎಂಬ ಪದಗಳನ್ನು ಹೆಚ್ಚು ಕೇಳಿದ ಮಗುವಿಗೇ ಜಾಗದ ಅರಿವು ಹೆಚ್ಚು ಎಂದು ಸಾಧಿಸಲು ನಮ್ಮ ಪ್ರೊಫೆಸರು ಅರ್ಧ ಆಯುಸ್ಸು ಸವೆಸಿದ್ದರು. ನಾವು ಸಂಶೋಧನಾ ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು 'ಹಿಂದೆ-ಮುಂದೆ ಸರ್'. ಎದುರಿಗೆ ಮಾತ್ರ ಹಲ್ಲು ಕಿರಿಯುತ್ತಿದ್ದೆವು, ಪಿಎಚ್‌ಡಿ ಬೇಕಲ್ಲ.

ಆಟಕ್ಕೆ ಮಕ್ಕಳು ಸಾಲದಾದಾಗ ನಾನು ನನ್ನ ಅಕ್ಕನನ್ನೂ ಅವಳ ನಾಲ್ಕು ವರ್ಷದ ಮಗಳು ಗುಬ್ಬಿಯನ್ನೂ ಕರೆತಂದೆ. ಅಕ್ಕ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಾಳೆ. ಅಲ್ಲಿಯ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಕೇಳಿಸದು, ಎಲ್ಲವೂ ಕೈಸನ್ನೆ. ಆ ಅಭ್ಯಾಸ ಮನೆಗೂ ಬಂದಿದೆ. ಚಮಚ ಯಾವ ಡಬ್ಬಿಯ ಹಿಂದಿದೆ ಎಂದು ಅಕ್ಕನ ಬೆರಳು ಹೇಳುತ್ತದೆ, ಗುಬ್ಬಿ ಹೋಗಿ ತರುತ್ತಾಳೆ. ಕುರ್ಚಿ, ದಿಂಬುಗಳಲ್ಲಿ ಎರಡಂತಸ್ತಿನ ಮನೆ ಕಟ್ಟಿ, ಮಹಡಿಗೆ ಬೆಕ್ಕನ್ನು ಬಾಡಿಗೆಗೆ ಕೂರಿಸುವ ಹುಡುಗಿ ಅವಳು.

ಅಂಥವಳೆದುರು ಹಳದಿ ವೃತ್ತದ ಮೇಲೆ ಕೈ ಊರಿದ ಅಕ್ಕನ ಬಾಯಿಯೇ ಕಟ್ಟಿಹೋಯಿತು. "ಅದನ್ನ... ಇದರ ಮೇಲೆ... ಅಲ್ಲ ಕಣೇ, ಆ ಕಡೆ," ಎಂದು ತಡವರಿಸಿದಳು. ಗುಬ್ಬಿ ಅಮ್ಮನ ಕೈಗಳನ್ನೇ ನೋಡುತ್ತ ಕೂತಳು. ಅವು ಯಾಕೆ ಮಲಗಿವೆ ಎಂದು ಅವಳಿಗೆ ತಿಳಿಯಲಿಲ್ಲ. ಹೊತ್ತು ಮುಗಿದಾಗ ಇಟ್ಟಿಗೆಗಳೆಲ್ಲ ಇದ್ದಲ್ಲೇ ಇದ್ದವು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಈ ಮಹಾಶಯರು ಗುಬ್ಬಿಯ ಶಿಶುವಿಹಾರಕ್ಕೆ ಈ ಆಟದ ವರದಿ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಅದರಲ್ಲಿ ಹಿಂದುಳಿದ ಮಕ್ಕಳು ಗೆಳೆಯರನ್ನು ಬಿಟ್ಟು ಬೇರೆ ಕೋಣೆಗೆ ಹೋಗಬೇಕು. ಅಲ್ಲಿ ದಿನವಿಡೀ ಮಣಿ ಪೋಣಿಸುವುದು. ಇಟ್ಟಿಗೆಗಳೆಲ್ಲ ಜಾಣರ ಕೋಣೆಗಂತೆ. ಕಟ್ಟಲು ಬಾರದ ಮಗುವಿನಿಂದ ಇಟ್ಟಿಗೆ ಕಿತ್ತುಕೊಳ್ಳುವ ಈ ಬುದ್ಧಿಗೆ ಯಾವ ಪದವಿ ಕೊಟ್ಟರೂ ಕಡಿಮೆಯೇ.

"ಸರ್, ಇನ್ನೊಂದ್ಸಲ ಆಡಿಸೋಣ. ಅಕ್ಕನ ಕೈ ಬಿಟ್ಬಿಡಿ," ಎಂದು ಕೇಳಿದೆ.

"ನಿಮ್ಮಕ್ಕ ಅಂತ ನಿಯಮ ಬದಲಾಯಿಸೋಕಾಗುತ್ತೇನಮ್ಮ? ಮಗೂಗೆ ಮನೇಲಿ ಭಾಷೆ ಸಾಲ್ತಿಲ್ಲ. ಅಷ್ಟೇ."

ಬಾಗಿಲಲ್ಲಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಅಂದಿನಿಂದ ಮನೆಯಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಲೋಟ ತಟ್ಟೆಯ ಬಲಕ್ಕಿದೆ, ಚೊಂಬು ಲೋಟದ ಹಿಂದಿದೆ," ಎಂದು ಪಾಠ ಒಪ್ಪಿಸತೊಡಗಿದಳು. ಗುಬ್ಬಿ ಲೋಟವನ್ನೂ ನೋಡಲಿಲ್ಲ, ಚೊಂಬನ್ನೂ ನೋಡಲಿಲ್ಲ. ಅಮ್ಮನ ಬೆನ್ನ ಹಿಂದೆ ಹೋಗಿ ಕೈ ಹುಡುಕಿದಳು.

ಶಿಶುವಿಹಾರದ ಹೆಡ್‌ಮಿಸ್ ವರದಿ ಒಯ್ಯಲು ಬಂದ ದಿನ ಅಕ್ಕನೂ ಗುಬ್ಬಿಯೂ ಬಂದಿದ್ದರು. ಅಕ್ಕ ಚೀಲವನ್ನು ಮೇಜಿನಡಿ ಇಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು. ಸರ್ ಹಿಗ್ಗಿ ಹೀರೇಕಾಯಿಯಾಗಿದ್ದರು. ಮಾತಿನ ಮಹಿಮೆಯನ್ನು ಎರಡೂ ಕೈ ಬೀಸಿ ಬೀಸಿ ವಿವರಿಸುತ್ತಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಸರ್, ಆಟಾನೇ ತೋರಿಸ್ಬಿಡಿ. ನೀವು ಅಮ್ಮ, ಮೇಡಂ ಮಗು."

ತಮ್ಮನ್ನು ತಾವು ತೋರಿಸಿಕೊಳ್ಳುವ ಅವಕಾಶವನ್ನು ಅವರು ಎಂದಾದರೂ ಬಿಟ್ಟದ್ದುಂಟೇ? ಗತ್ತಿನಿಂದ ಕೂತು ಅಂಗೈ ಊರಿದರು.

"ಕೆಂಪಿನ ಮೇಲೆ ನೀಲಿ ಇಡಿ. ಹಾಂ, ಭೇಷ್. ಈಗ ಹಸಿರನ್ನ ಅಡ್ಡ... ಅಡ್ಡ ಅಂದ್ರೆ ಹೀಗೆ—" ಬಲಗೈ ಮೇಲೆ ಹಾರಿತು.

"ಕೈ, ಸರ್," ಎಂದೆ.

ಮತ್ತೆ ಊರಿದರು. "ಆ ಮೂಲೆಗೆ... ಅಲ್ಲ ರೀ, ಅದಲ್ಲ, ಈ ಮೂಲೆ! ಸ್ವಲ್ಪ ತಿರುಗಿಸಿ, ಅಯ್ಯೋ, ಆ ಕಡೆ ಅಲ್ಲ!"

"ಯಾವ ಕಡೆ ಅಂತ ಹೇಳಿ ಸ್ವಾಮಿ," ಎಂದರು ಹೆಡ್‌ಮಿಸ್. ಅಷ್ಟರಲ್ಲಿ ಮನೆ ದಬಕ್ಕನೆ ಕುಸಿಯಿತು. ಅರ್ಧ ಆಯುಸ್ಸು ಊರವರ ಪದ ಎಣಿಸಿದ ಬಾಯಿಗೆ ಬೇಕಾದ ಒಂದು ಪದ ಸಿಗಲಿಲ್ಲ.

ಗುಬ್ಬಿ ಮೇಜಿನ ಹತ್ತಿರ ಬಂದು ವೃತ್ತಗಳ ಮೇಲಿದ್ದ ಕೈಗಳನ್ನು ನೋಡಿದಳು. ಅವಳ ಮುಖದಲ್ಲಿ ನಿಜವಾದ ಮರುಕವಿತ್ತು.

"ಅಜ್ಜಾ, ನಿಮ್ಮನ್ನೂ ಮಣಿ ಕೋಣೆಗೆ ಹಾಕ್ತಾರಾ?"

"ಈ ಕುರ್ಚಿ ಸರಿಯಿಲ್ಲ," ಎಂದು ಸರ್ ಗೊಣಗಿದರು. ಹೆಡ್‌ಮಿಸ್ ವರದಿಯನ್ನು ಅವರ ಕಡೆಗೇ ಸರಿಸಿ, "ಇದು ನಿಮ್ಮ ಹತ್ರಾನೇ ಇರ್ಲಿ. ನಮ್ಮ ಮಕ್ಕಳು ಇದ್ದಲ್ಲೇ ಇರ್ತಾರೆ," ಎಂದು ಎದ್ದರು. ಸರ್ ನನ್ನತ್ತ ಬೀರಿದ ನೋಟ ನೋಡಿದರೆ ನನ್ನ ಪ್ರಬಂಧ ಈ ಜನ್ಮದಲ್ಲಿ ಮುಗಿಯುವಂತಿರಲಿಲ್ಲ. ಮುಗಿಯದಿದ್ದರೆ ಕತ್ತೆ ಬಾಲ.

ಅಕ್ಕ ಬೆನ್ನ ಹಿಂದಿನ ಕೈಗಳನ್ನು ಬಿಚ್ಚಿದಳು. ಎರಡು ಬೆರಳನ್ನು ಚೂರು ತಿರುಗಿಸಿದಳು, ಅಷ್ಟೇ. ಗುಬ್ಬಿ ಮೇಜಿನಡಿ ನುಸುಳಿ, ಪ್ರೊಫೆಸರ ಕಾಲುಗಳ ನಡುವಿನಿಂದ ಅಮ್ಮನ ಚೀಲವನ್ನು ಎಳೆದು ತಂದಳು.